ಗುಳಿಗೆ ತಕ್ಕ ಬುಶ್: ರೂಟರ್ ಟೆಂಪ್ಲೇಟ್ ಕೆಲಸದ ಲೆಕ್ಕಾಚಾರ

ಹುಣಸೆ ಬೀಜ ಹಾಕಿ ಆಡುವ ಚೆನ್ನೆಮಣೆಗೆ ಹದಿನಾಲ್ಕು ಗುಳಿ. ಸಾಲಿಗೆ ಏಳು, ಹಾಗೆ ಎರಡು ಸಾಲು. ಕೈ ಪಳಗಿದ ಆಚಾರಿ ಬಾಗಿದ ಉಳಿ ಹಿಡಿದು ಕಣ್ಣಳತೆಯಲ್ಲೇ ತೋಡಿಬಿಡುತ್ತಾರೆ. ಒಂದು ಗುಳಿ ಕೂದಲೆಳೆಯಷ್ಟು ದೊಡ್ಡದಾದರೂ ಆಡುವವರಿಗೆ ಅದು ಗೊತ್ತಾಗುವುದಿಲ್ಲ. ಆದರೆ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಶೆಡ್ ಇಟ್ಟುಕೊಂಡು ಒಂದೇ ನಮೂನೆಯ ಮಣೆಗಳನ್ನು ಮಾರುವವರ ಪಾಡು ಬೇರೆ. ಎಲ್ಲ ಗುಳಿಯೂ ಒಂದೇ ಅಳತೆ ಇರಬೇಕು, ಬೇಗ ಆಗಬೇಕು, ಹಲಸಿನ ಹಲಗೆ ಹಾಳಾಗಬಾರದು. ಅಲ್ಲಿ ರೂಟರ್ ಬರುತ್ತದೆ, ಅಂದರೆ ಬಿಟ್ ಅನ್ನುವ ಅಲಗನ್ನು ವೇಗವಾಗಿ ತಿರುಗಿಸಿ ಮರ ಕೊರೆಯುವ ಕೈಯಂತ್ರ. ರೂಟರ್ ಜೊತೆ ಟೆಂಪ್ಲೇಟ್, ಅಂದರೆ ಬೇಕಾದ ಆಕಾರಕ್ಕೆ ಕತ್ತರಿಸಿದ ಅಚ್ಚುಹಾಳೆ, ಬರುತ್ತದೆ. ಟೆಂಪ್ಲೇಟ್ ಜೊತೆ ಹತ್ತಾರು ಅಳತೆಯ ಗೈಡ್ ಬುಶ್‌ಗಳ ಡಬ್ಬಿ ಬರುತ್ತದೆ. ಆ ಡಬ್ಬಿಯಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು ಅನ್ನುವುದೇ ಇಲ್ಲಿನ ವಿಷಯ.

ಮೊದಲು ಈ ಬುಶ್ ಏನು ಅಂತ ನೋಡೋಣ. ಇದು ಲೋಹದ ಒಂದು ಬಿಲ್ಲೆ. ನಡುವೆ ತೂತು, ಆ ತೂತಿನ ಸುತ್ತ ಕೆಳಕ್ಕೆ ಇಳಿದ ಗಿಡ್ಡ ಕೊಳವೆ. ಈ ಕೊಳವೆಯನ್ನು ಕೊರಳು ಅನ್ನೋಣ. ಬಿಲ್ಲೆಯನ್ನು ರೂಟರ್‌ನ ತಳಕ್ಕೆ ಕೂರಿಸಿದರೆ ಕೊರಳು ಕೆಳಗೆ ಚಾಚಿಕೊಂಡಿರುತ್ತದೆ. ಬಿಟ್ ಅದರ ನಡುವಿಂದ ಇಳಿದು ಮರ ಕೊರೆಯುತ್ತದೆ. ಕೊರಳು ಮಾತ್ರ ಟೆಂಪ್ಲೇಟ್‌ನ ಅಂಚಿಗೆ ಒರಗಿಕೊಂಡು ಸಾಗುತ್ತದೆ. ತಿರುಗುವ ಬಿಟ್ ಟೆಂಪ್ಲೇಟನ್ನು ಮುಟ್ಟುವುದೇ ಇಲ್ಲ.

ಟೆಂಪ್ಲೇಟ್‌ಗೆ ತಾಗಿ ಉರುಳುವ ಬೇರಿಂಗ್ ಇರುವ ಬಿಟ್ ಬಳಸಿದವರು ಕೇಳುತ್ತಾರೆ: ಅದರಲ್ಲಿ ಟೆಂಪ್ಲೇಟ್ ಎಷ್ಟಿದೆಯೋ ಕೆಲಸವೂ ಅಷ್ಟೇ ಬರುತ್ತದೆ, ಲೆಕ್ಕವೇ ಬೇಡ, ಹಾಗಿರುವಾಗ ಬುಶ್ ಯಾಕೆ? ಪ್ರಶ್ನೆ ಸರಿಯಾಗಿದೆ. ಕುರ್ಚಿಯ ಬೆನ್ನೋ ಮೇಜಿನ ಕಾಲೋ ಹಲಗೆಯ ಅಂಚಿನುದ್ದಕ್ಕೂ ಒಂದೇ ಸಮ ಹೆರೆಯುವುದಾದರೆ ಬೇರಿಂಗ್ ಇರುವ ಬಿಟ್ ವಾಸಿ. ಗುಳಿ ತೋಡುವುದು ಹಾಗಲ್ಲ. ಮೇಲುಗಡೆ ಬೇರಿಂಗ್ ಇರುವ ಬಿಟ್ಟಿನಲ್ಲಿ ಆ ಬೇರಿಂಗ್ ಟೆಂಪ್ಲೇಟ್‌ಗೆ ತಾಗಬೇಕಾದರೆ ಅಲಗು ಪೂರ್ತಿ ಕೆಳಗಿಳಿದಿರಬೇಕು. ಅಂದರೆ ಮೊದಲ ಸುತ್ತಿಗೇ ಅಷ್ಟು ಆಳ ಕೊರೆಯಬೇಕು. ಸ್ವಲ್ಪ ಸ್ವಲ್ಪವೇ ಇಳಿಸುವ ಅವಕಾಶ ಕಡಿಮೆ. ಬುಶ್‌ನಲ್ಲಿ ಈ ತೊಡಕಿಲ್ಲ. ಬಿಟ್ 2 ಮಿ.ಮೀ. ಇಳಿದಿರಲಿ, 20 ಮಿ.ಮೀ. ಇಳಿದಿರಲಿ, ಕೊರಳು ಇದ್ದಲ್ಲೇ ಇರುತ್ತದೆ. ಜೊತೆಗೆ ನಿಮ್ಮ ಹತ್ತಿರ ಈಗಾಗಲೇ ಇರುವ ಸಾದಾ ಬಿಟ್, ಗುಂಡು ಮೂತಿಯ ಬಿಟ್, ಬಟ್ಟಲು ಬಿಟ್, 3 ಮಿ.ಮೀ. ಸಣ್ಣ ಬಿಟ್ ಎಲ್ಲವೂ ಟೆಂಪ್ಲೇಟ್ ಕೆಲಸಕ್ಕೆ ಒದಗುತ್ತವೆ. ಹಾಗಾಗಿ ಒಂದೇ ಸಾಧನಕ್ಕೆ ದುಡ್ಡು ಹಾಕುವ ಯೋಗವಿದ್ದರೆ ನನ್ನ ಮತ ಬುಶ್‌ಗೆ. ಇದಕ್ಕೆ ಬದಲಾಗಿ ಒಂದು ಕಳೆಯುವ ಲೆಕ್ಕ ಕಲಿಯಬೇಕು, ಅಷ್ಟೇ.

ಬಳೆಯೊಂದರ ನಟ್ಟನಡುವೆ ಪೆನ್ಸಿಲ್ ನಿಲ್ಲಿಸಿ, ಬಳೆಯನ್ನು ತಟ್ಟೆಯ ಅಂಚಿಗೆ ತಾಗಿಸಿ ಸುತ್ತ ಓಡಿಸಿದರೆ ಗೀಟು ತಟ್ಟೆಯ ಅಂಚಿಗೆ ಬೀಳುವುದಿಲ್ಲ, ದೂರದಲ್ಲಿ ಬೀಳುತ್ತದೆ. ಬುಶ್‌ನಲ್ಲಿ ಆಗುವುದೂ ಇದೇ. ಟೆಂಪ್ಲೇಟ್‌ನ ಅಂಚಿಗೂ ಬಿಟ್ ಕೊರೆದ ಅಂಚಿಗೂ ನಡುವೆ ಉಳಿಯುವ ಈ ದೂರವೇ ಆಫ್‌ಸೆಟ್. ಬುಶ್ ಕೊರಳಿನ ಹೊರವ್ಯಾಸದಿಂದ ಬಿಟ್‌ನ ವ್ಯಾಸ ಕಳೆಯಿರಿ, ಬಂದದ್ದನ್ನು ಎರಡರಿಂದ ಭಾಗಿಸಿ. 30 ಮಿ.ಮೀ. ಬುಶ್, 12 ಮಿ.ಮೀ. ಬಿಟ್ ಆದರೆ ವ್ಯತ್ಯಾಸ 18, ಆಫ್‌ಸೆಟ್ 9 ಮಿ.ಮೀ.

ಇಷ್ಟು ಎಲ್ಲರಿಗೂ ಒಮ್ಮೆಗೇ ಅರ್ಥವಾಗುತ್ತದೆ. ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಈ ಆಫ್‌ಸೆಟನ್ನು ಕೂಡಿಸಬೇಕಾ, ಕಳೆಯಬೇಕಾ? ಒಂದು ಸಲವಾ, ಎರಡು ಸಲವಾ?

ಟೆಂಪ್ಲೇಟ್‌ನಲ್ಲಿ ತೂತಿದ್ದು, ಬುಶ್ ಆ ತೂತಿನೊಳಗೆ ಸುತ್ತುತ್ತಿದ್ದರೆ ಮರದಲ್ಲಿ ಬರುವ ಗುಳಿ ಟೆಂಪ್ಲೇಟ್‌ನ ತೂತಿಗಿಂತ ಚಿಕ್ಕದು. ಎರಡೂ ಕಡೆ ಆಫ್‌ಸೆಟ್ ಹೋಗುವುದರಿಂದ ಒಟ್ಟು ವ್ಯತ್ಯಾಸ 18. ಅಂದರೆ 50 ಮಿ.ಮೀ. ಗುಳಿ ಬೇಕಾದರೆ ಟೆಂಪ್ಲೇಟ್‌ನಲ್ಲಿ 68 ಮಿ.ಮೀ. ತೂತು. ಟೆಂಪ್ಲೇಟೇ ಒಂದು ಆಕಾರವಾಗಿದ್ದು, ಬುಶ್ ಅದರ ಹೊರಗೆ ಸುತ್ತುತ್ತಿದ್ದರೆ ಎಲ್ಲ ತಿರುಗಾಮುರುಗಾ. ಕತ್ತರಿಸಿದ ಮರ ಟೆಂಪ್ಲೇಟ್‌ಗಿಂತ ದೊಡ್ಡದಾಗಿ ಬರುತ್ತದೆ. 200 ಮಿ.ಮೀ. ಅಗಲದ ಮಣೆ ಬೇಕಾದರೆ ಟೆಂಪ್ಲೇಟ್ 182 ಮಿ.ಮೀ. ಇರಬೇಕು.

ಒಂದು ಸಲ, ಎರಡು ಸಲ ಅನ್ನುವ ಗೊಂದಲಕ್ಕೆ ಬಾಗಿಲಿನ ಹಿಂಜ್ ಒಳ್ಳೆಯ ಪಾಠ. 100 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಹಿಂಜಿನ ಎಲೆಯನ್ನು ಬಾಗಿಲಿನ ದಪ್ಪದಲ್ಲಿ ಇಳಿಸಬೇಕು ಅಂದುಕೊಳ್ಳಿ. 16 ಮಿ.ಮೀ. ಬುಶ್, 10 ಮಿ.ಮೀ. ಬಿಟ್. ಆಫ್‌ಸೆಟ್ 3 ಮಿ.ಮೀ. ಉದ್ದದಲ್ಲಿ ಮೇಲೂ ಕೆಳಗೂ ಟೆಂಪ್ಲೇಟ್‌ನ ಗೋಡೆ ಇದೆ. ಹಾಗಾಗಿ 100ಕ್ಕೆ 3 ಮತ್ತು 3 ಸೇರಿ 106. ಅಗಲದಲ್ಲಿ ಒಂದೇ ಗೋಡೆ. ಇನ್ನೊಂದು ಬದಿ ಬಾಗಿಲಿನ ಅಂಚಿಗೆ ಬಯಲಾಗಿದೆ. ಅಲ್ಲಿ 30ಕ್ಕೆ 3 ಮಾತ್ರ ಸೇರಿ 33. ಯೋಚಿಸದೆ 36 ಹಾಕಿದರೆ ಹಿಂಜ್ 3 ಮಿ.ಮೀ. ಒಳಗೆ ಹೋಗಿ ಕೂರುತ್ತದೆ. ಹಳೇ ಮಲೆನಾಡು ಮನೆಯ ತೇಗದ ಬಾಗಿಲಲ್ಲಿ ಅಂಥ ಗುಂಡಿ ಬಿದ್ದರೆ ತೇಪೆ ಹಾಕಿದರೂ ಕಾಣುತ್ತದೆ, ಅಲ್ವಾ? ಗೋಡೆ ಎಷ್ಟಿದೆಯೋ ಅಷ್ಟು ಸಲ ಆಫ್‌ಸೆಟ್. ಟೆಂಪ್ಲೇಟ್ ಮೇಲೆ ಪೆನ್ಸಿಲ್ಲಿನಲ್ಲಿ ಬುಶ್‌ನ ದಾರಿ ಗೀಚಿಕೊಂಡರೆ ಇದು ತಪ್ಪುವುದೇ ಇಲ್ಲ.

ಈಗ ಚೆನ್ನೆಮಣೆಗೆ ಬರೋಣ. ಆರಿಸುವ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿ.

ಹೆಚ್ಚಿನವರು ಬುಶ್‌ನಿಂದ ಶುರುಮಾಡುತ್ತಾರೆ. ಡಬ್ಬಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿ, ಆಮೇಲೆ ಟೆಂಪ್ಲೇಟ್ ಮಾಡಿ, ಕೊನೆಗೆ ಬಿಟ್ ಹುಡುಕುತ್ತಾರೆ. ಇದು ಉಲ್ಟಾ ದಾರಿ. ಮೊದಲು ಕೆಲಸ ನೋಡಬೇಕು, ಕೆಲಸ ಬಿಟ್ಟನ್ನು ಹೇಳುತ್ತದೆ. ಬಿಟ್ ಬುಶ್ಶನ್ನು ಹೇಳುತ್ತದೆ. ಬುಶ್ ಗೊತ್ತಾದ ಮೇಲೆ ಟೆಂಪ್ಲೇಟ್‌ನ ಅಳತೆ ತಾನಾಗಿಯೇ ಬರುತ್ತದೆ.

ನಮ್ಮ ಗುಳಿ 50 ಮಿ.ಮೀ. ಅಗಲ, 16 ಮಿ.ಮೀ. ಆಳ ಇರಲಿ. ಗುಳಿಯ ಬುಡ ಚೂಪು ಮೂಲೆಯಾಗಿದ್ದರೆ ಹುಣಸೆ ಬೀಜ ಬೆರಳಿಗೆ ಸಿಗುವುದಿಲ್ಲ. ಬುಡದ ಮೂಲೆ ಗುಂಡಗಿರಬೇಕು. ಅದಕ್ಕೆ ಬಟ್ಟಲು ಬಿಟ್. ಮುಕ್ಕಾಲು ಇಂಚಿನದು ಸುಲಭವಾಗಿ ಸಿಗುತ್ತದೆ, ಅಂದರೆ 19 ಮಿ.ಮೀ. ಇನ್ನು ಬುಶ್. 19 ಮಿ.ಮೀ. ಬಿಟ್ ಅದರೊಳಗೆ ಹೋಗಬೇಕು. 24ರ ಬುಶ್‌ನ ಕೊರಳಿನ ಗೋಡೆ ಒಂದು, ಒಂದೂವರೆ ಮಿಲಿ ದಪ್ಪ ಅಂದರೂ ಒಳತೂತು 21, 22 ಮಿ.ಮೀ. ಬಿಟ್ ಹೋಗುತ್ತದೆ ನಿಜ, ಆದರೆ ಸುತ್ತ ಉಳಿಯುವ ಸಂದು ಒಂದು ಮಿಲಿ ಚಿಲ್ಲರೆ. ಅಲ್ಲಿಂದ ಹೊಟ್ಟು ಹೊರಗೆ ಬರಬೇಕು.

ಈ ಹೊಟ್ಟಿನ ವಿಷಯ ಕೆಟಲಾಗ್ ನೋಡಿ ಆರಿಸುವವರಿಗೆ ಹೊಳೆಯುವುದಿಲ್ಲ. ಹಲಗೆಯ ಅಂಚು ಹೆರೆಯುವಾಗ ಹೊಟ್ಟು ಪಕ್ಕಕ್ಕೆ ಹಾರಿಹೋಗುತ್ತದೆ. ಗುಳಿಯಲ್ಲಿ ಕೆಳಗೆ ಮುಚ್ಚಿದೆ, ಸುತ್ತ ಮುಚ್ಚಿದೆ. ಹೊಟ್ಟಿಗೆ ಇರುವುದು ಮೇಲಿನ ದಾರಿ ಮಾತ್ರ. ಕೊರಳಿನೊಳಗೆ ಜಾಗ ಇಲ್ಲದಿದ್ದರೆ ಅದು ಅಲ್ಲೇ ತುಂಬಿಕೊಂಡು, ಅಲಗಿಗೆ ಮತ್ತೆ ಮತ್ತೆ ಸಿಕ್ಕಿ ಬಿಸಿಯಾಗುತ್ತದೆ. ಮರ ಕಪ್ಪಾಗುತ್ತದೆ, ಬಿಟ್ ಬೇಗ ಮೊಂಡಾಗುತ್ತದೆ. ಪೂರ್ತಿ ಒಣಗದ ಹಲಗೆಯಾದರೆ ಕಷ್ಟ ಇನ್ನೂ ಜಾಸ್ತಿ, ಒದ್ದೆ ಹೊಟ್ಟು ಅಂಟಿಕೊಳ್ಳುತ್ತದೆ. ಆದ್ದರಿಂದ ಗುಳಿ ಕೆಲಸಕ್ಕೆ ಬಿಟ್‌ನ ಸುತ್ತ ಎರಡರಿಂದ ಮೂರು ಮಿಲಿ ಸಂದು ಇಟ್ಟುಕೊಳ್ಳುವುದು ಒಳ್ಳೆಯದು. ಹಿಂಜಿನಂಥ ತೆಳು ಕೆಲಸಕ್ಕೆ ಇಷ್ಟು ಚಿಂತೆ ಬೇಡ.

ಹೀಗೆ ನೋಡಿದರೆ 19ರ ಬಿಟ್ಟಿಗೆ 30ರ ಬುಶ್. ವ್ಯತ್ಯಾಸ 11. ಟೆಂಪ್ಲೇಟ್‌ನ ತೂತು 61 ಮಿ.ಮೀ. ಗುಳಿಯಿಂದ ಗುಳಿಗೆ ನಡುವಿನ ಅಂತರ 70 ಮಿ.ಮೀ. ಇಟ್ಟರೆ ಮರದಲ್ಲಿ ಎರಡು ಗುಳಿಗಳ ನಡುವೆ 20 ಮಿ.ಮೀ. ದಿಣ್ಣೆ ಉಳಿಯುತ್ತದೆ. ಟೆಂಪ್ಲೇಟ್‌ನಲ್ಲಿ ಎರಡು ತೂತುಗಳ ನಡುವೆ 9 ಮಿ.ಮೀ. ಪಟ್ಟಿ ಉಳಿಯುತ್ತದೆ. ಸಾಲು 470 ಮಿ.ಮೀ., ತುದಿಗಳಲ್ಲಿ 40 ಮಿ.ಮೀ. ಬಿಟ್ಟರೆ ಮಣೆ 550 ಮಿ.ಮೀ. ಉದ್ದ. ಚೆನ್ನಾಗಿದೆ.

"ಬುಶ್ ದೊಡ್ಡದಿದ್ದಷ್ಟೂ ಹೊಟ್ಟಿಗೆ ಜಾಗ, 40ರದ್ದೇ ಹಾಕಿಬಿಡೋಣ" ಅಂದರೆ? 50ಕ್ಕೆ 21 ಸೇರಿ ಟೆಂಪ್ಲೇಟ್‌ನ ತೂತು 71 ಮಿ.ಮೀ. ಅಂತರ 70. ಪಕ್ಕದ ತೂತುಗಳು ಒಂದಕ್ಕೊಂದು ಸೇರಿಹೋಗುತ್ತವೆ. ಟೆಂಪ್ಲೇಟೇ ಇಲ್ಲ! ಒಂದೇ ತೂತಿನ ಟೆಂಪ್ಲೇಟ್ ಮಾಡಿ ಹದಿನಾಲ್ಕು ಸಲ ಜರುಗಿಸಬಹುದು, ಆದರೆ ಹದಿನಾಲ್ಕು ಸಲ ಗುರುತು ಹಾಕಿ ಬಿಗಿಯಬೇಕಾದ ಮೇಲೆ ಟೆಂಪ್ಲೇಟ್‌ನಿಂದ ಉಳಿದ ಲಾಭವೇನು? ಏಳು ತೂತಿನ ಒಂದು ಸಾಲು ಮಾಡಿ ಒಮ್ಮೆ ಜರುಗಿಸುವುದು ಹದವಾದ ದಾರಿ.

ಬುಶ್‌ಗೆ ಎರಡು ಎಲ್ಲೆಗಳಿವೆ ಅನ್ನುವುದು ಇಲ್ಲಿಂದ ಗೊತ್ತಾಗುತ್ತದೆ. ಕೆಳಗಿನ ಎಲ್ಲೆಯನ್ನು ಬಿಟ್ ಮತ್ತು ಹೊಟ್ಟು ಹಾಕುತ್ತವೆ. ಮೇಲಿನ ಎಲ್ಲೆಯನ್ನು ಆಕಾರದ ಸೂಕ್ಷ್ಮ ಹಾಕುತ್ತದೆ. ಕಿಟಕಿಯ ಜಾಲರಿಯಂಥ ಕೆಲಸದಲ್ಲಿ ಇದು ಇನ್ನೂ ಸ್ಪಷ್ಟ. ಟೆಂಪ್ಲೇಟ್‌ನ ಸಂದು 16 ಮಿ.ಮೀ.ಗಿಂತ ಕಿರಿದಾದರೆ 16ರ ಬುಶ್ ಒಳಗೇ ಹೋಗುವುದಿಲ್ಲ. ಸರಿಯಾಗಿ 16 ಇದ್ದರೆ, 6ರ ಬಿಟ್ 6 ಮಿ.ಮೀ. ಅಗಲದ ತೋಡು ಕೊರೆಯುತ್ತದೆ.

ಮೂಲೆಗಳ ವಿಷಯ ಸ್ವಲ್ಪ ವಿಚಿತ್ರ. ಟೆಂಪ್ಲೇಟ್‌ನ ತೂತಿನ ಒಳಮೂಲೆ ಚೂಪಾಗಿದ್ದರೂ ಮರದಲ್ಲಿ ಮೂಲೆ ಬಿಟ್‌ನ ಅರ್ಧ ವ್ಯಾಸದಷ್ಟು ಗುಂಡಗೆ ಬರುತ್ತದೆ. ಬುಶ್ ಎಷ್ಟು ದೊಡ್ಡದಾದರೂ ಅದು ಬದಲಾಗುವುದಿಲ್ಲ. ಮೇಲಿನ ಹಿಂಜಿನ ಮೂಲೆಯಲ್ಲಿ 5 ಮಿ.ಮೀ. ಗುಂಡು ಉಳಿಯುತ್ತದೆ, ಅದನ್ನು ಉಳಿಯಲ್ಲಿ ಚೌಕ ಮಾಡಿಕೊಳ್ಳಬೇಕು. ಟೆಂಪ್ಲೇಟ್‌ನ ಹೊರಮೂಲೆ ಚೂಪಾಗಿದ್ದು ಬುಶ್ ಅದನ್ನು ಸುತ್ತಿಕೊಂಡು ಹೋದರೆ ಮಾತ್ರ ಕತೆ ಬೇರೆ. ಆಗ ಮರದ ಮೂಲೆ ಆಫ್‌ಸೆಟ್‌ನಷ್ಟು ಗುಂಡಾಗುತ್ತದೆ. 30ರ ಬುಶ್, 12ರ ಬಿಟ್ ಹಾಕಿದರೆ 9 ಮಿ.ಮೀ. ಗುಂಡು. ಕೂರುವ ಮಣೆಗೆ ಇದು ಚೆಂದವೇ. ಚೂಪು ಮೂಲೆ ಬೇಕಾದರೆ ಆಫ್‌ಸೆಟ್ ಕಡಿಮೆ ಇರುವ ಜೋಡಿ ಹುಡುಕಿ, ಇಲ್ಲವೇ ಮೂಲೆಯನ್ನು ಗರಗಸಕ್ಕೆ ಬಿಡಿ.

ಲೆಕ್ಕ ಬಂದ ಹಾಗೇ ಟೆಂಪ್ಲೇಟ್ ಮಾಡಬೇಕೆಂದೇನಿಲ್ಲ. ದುಂಡು ತೂತು ಕೊರೆಯುವ ಹೋಲ್ ಸಾ ಅಂಗಡಿಯಲ್ಲಿ 61ರದ್ದು ಸಿಗದೆ 60ರದ್ದು ಸಿಕ್ಕಿತು ಅನ್ನಿ. ಹಿಂದಿನಿಂದ ಲೆಕ್ಕ ಹಾಕಿ: 60ರಲ್ಲಿ 11 ಹೋದರೆ ಗುಳಿ 49 ಮಿ.ಮೀ. ಹುಣಸೆ ಬೀಜಕ್ಕೆ ಒಂದು ಮಿಲಿ ಕಮ್ಮಿಯಾದರೆ ಏನೂ ತೊಂದರೆ ಇಲ್ಲ. ಹದಿನಾಲ್ಕೂ 49 ಆಗಿದ್ದರೆ ಸಾಕು. ಆದರೆ ಹೋಲ್ ಸಾ ಸಾಮಾನ್ಯವಾಗಿ ತನ್ನ ಅಳತೆಗಿಂತ ತುಸು ದೊಡ್ಡ ತೂತು ಕೊರೆಯುತ್ತದೆ. ಕೊರೆದ ಮೇಲೆ ಅಳೆಯಿರಿ.

ಅಳತೆ ಅಂದ ಮೇಲೆ ಇಂಚು ಮತ್ತು ಮಿಲಿಯ ಜಗಳ ಹೇಳಲೇಬೇಕು. ನಮ್ಮ ಪೇಟೆಗಳಲ್ಲಿ ಎರಡೂ ಬೆರೆತು ಬಿದ್ದಿವೆ. ಆಚಾರಿಗಳ ಬಾಯಲ್ಲಿ ಇಂಚಿಗೆ ಎಂಟು ನೂಲು, ಕೆಟಲಾಗಿನಲ್ಲಿ ಮಿಲಿಮೀಟರ್, ಡಬ್ಬಿಯ ಒಳಗೆ ಇನ್ನೇನೋ. ಅರ್ಧ ಇಂಚಿನ ಬಿಟ್ 12.7 ಮಿ.ಮೀ. ಅದನ್ನೇ "ಹನ್ನೆರಡರದ್ದು" ಅಂತ ಕೊಡುವವರಿದ್ದಾರೆ. 30ರ ಬುಶ್‌ಗೆ 12ರ ಲೆಕ್ಕ ಹಾಕಿ 12.7 ಬಿಟ್ ಓಡಿಸಿದರೆ ಗುಳಿ 0.7 ಮಿ.ಮೀ. ದೊಡ್ಡದು. ಚೆನ್ನೆಮಣೆಗೆ ಪರವಾಗಿಲ್ಲ, ಹಿಂಜಿಗೆ ಸಡಿಲ, ಒಳಕೂರಿಸುವ ಕುಸುರಿಗೆ ಪೂರ್ತಿ ಹಾಳು. ಬುಶ್‌ನ ಮೇಲೆ ಕೊರೆದ ಅಂಕಿಯನ್ನೂ ನಂಬಬೇಡಿ. ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಂಡು ಕೊರಳಿನ ಹೊರವ್ಯಾಸ ಮತ್ತು ಬಿಟ್‌ನ ಅಲಗು ಎರಡನ್ನೂ ಅಳೆಯಿರಿ.

ಇದೇ ಬೆರಕೆ ಕೊಲೆಟ್‌ನಲ್ಲಾದರೆ, ಅಂದರೆ ಬಿಟ್‌ನ ಹಿಡಿಯನ್ನು ಕಚ್ಚಿಕೊಳ್ಳುವ ರೂಟರ್‌ನ ಬಾಯಲ್ಲಾದರೆ, ಅಪಾಯ. ಕಾಲು ಇಂಚು ಅಂದರೆ 6.35 ಮಿ.ಮೀ. ಆ ಕೊಲೆಟ್‌ಗೆ 6 ಮಿ.ಮೀ. ಹಿಡಿಯ ಬಿಟ್ ತುರುಕಿ ಬಿಗಿದರೆ ಹಿಡಿದ ಹಾಗೆ ಕಾಣುತ್ತದೆ. ಓಡುವಾಗ ಜಾರುತ್ತದೆ. ಇದರಲ್ಲಿ ರಾಜಿ ಬೇಡವೇ ಬೇಡ.

ಇನ್ನು ನಿಮ್ಮ ರೂಟರ್‌ಗೆ ಯಾವ ಬುಶ್ ಕೂರುತ್ತದೆ ಅನ್ನುವುದು. ಬೇಸರದ ವಿಷಯ, ಆದರೆ ದುಡ್ಡಿನ ವಿಷಯ. ಎಲ್ಲ ಕಂಪನಿಗೂ ಹೊಂದುವ ಒಂದೇ ಅಳತೆ ಇಲ್ಲ. ಅಮೆರಿಕದ ಪೋರ್ಟರ್ ಕೇಬಲ್ ಶೈಲಿ ತುಂಬ ಕಡೆ ಹಬ್ಬಿದೆ. ಅದರಲ್ಲಿ ತಳದ ತೂತು ಒಂದೂಕಾಲು ಇಂಚಿಗೆ ಅರ್ಧ ನೂಲು ಕಮ್ಮಿ, ಅಂದರೆ ಸುಮಾರು 30.2 ಮಿ.ಮೀ. ಬುಶ್ ಎರಡು ತುಂಡು: ಕೆಳಗಿಂದ ಬಿಲ್ಲೆ, ಮೇಲಿಂದ ಮರೆಯ (ತಿರುಪಿನ) ಬಳೆ. ಹಿತ್ತಾಳೆಯ ಡಬ್ಬಿಗಳೆಲ್ಲ ಹೆಚ್ಚಾಗಿ ಇದೇ ಶೈಲಿ, ಅಳತೆಗಳು ಇಂಚಿನಲ್ಲಿ. ಮಕಿತಾದ ಹಲವು ರೂಟರ್‌ಗಳಲ್ಲಿ ಬಿಲ್ಲೆಯನ್ನು ಎರಡು ಸ್ಕ್ರೂ ಹಾಕಿ ತಳಕ್ಕೆ ಬಿಗಿಯುತ್ತಾರೆ. ಬಾಷ್‌ನ ಹಲವು ರೂಟರ್‌ಗಳಲ್ಲಿ ಸ್ಕ್ರೂ ಇಲ್ಲದೆ ಸಿಕ್ಕಿಸಿ ಕೂರಿಸುವ ವ್ಯವಸ್ಥೆ ಇದೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಹತ್ತು ತುಂಡಿನ ಡಬ್ಬಿ ತರಿಸುವ ಮೊದಲು ನಿಮ್ಮ ರೂಟರ್ ತಳದ ತೂತು ಅಳೆಯಿರಿ. ಹೊಂದದಿದ್ದರೂ ದಾರಿ ಇದೆ: 6 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಹೊಸ ತಳ ಮಾಡಿ, ಅದರಲ್ಲಿ ಬುಶ್‌ಗೆ ತಕ್ಕ ಮೆಟ್ಟಿಲಿನ ತೂತು ಕೊರೆಯಬಹುದು.

ಹಿತ್ತಾಳೆಯೋ ಉಕ್ಕೋ? ಹಿತ್ತಾಳೆ ಮೆದು. ಆಕಸ್ಮಾತ್ ಬಿಟ್ ತಾಗಿದರೆ ಬುಶ್ ಗಾಯವಾಗುತ್ತದೆ, ಅಲಗು ಉಳಿಯುವ ಸಾಧ್ಯತೆ ಇದೆ. ಆದರೆ ಮರೆಯ ಬಳೆ ರೂಟರ್‌ನ ನಡುಕಕ್ಕೆ ಸಡಿಲವಾಗುವುದುಂಟು. ಬಳೆಯ ಕೆಳಗೆ ಒಂದು ತೆಳು ರಬ್ಬರ್ ಉಂಗುರವೋ ಅಲೆ ವಾಷರ್ರೋ ಹಾಕಿದರೆ ನಿಲ್ಲುತ್ತದೆ. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ.

ಕೊರಳಿನ ಉದ್ದ ಮಾತ್ರ ಗಮನಿಸಲೇಬೇಕು. ಕೊರಳು ಟೆಂಪ್ಲೇಟ್‌ನ ದಪ್ಪಕ್ಕಿಂತ ಒಂದು ಮಿಲಿಯಾದರೂ ಗಿಡ್ಡ ಇರಬೇಕು. ಉದ್ದವಾದರೆ ಅದು ಕೆಳಗಿನ ಮರಕ್ಕೆ ತಾಗಿ ರೂಟರ್ ಎತ್ತಿಕೊಂಡು ನಿಲ್ಲುತ್ತದೆ. 6 ಮಿ.ಮೀ. ಟೆಂಪ್ಲೇಟ್‌ಗೆ ಹಲವು ಬುಶ್‌ಗಳ ಕೊರಳು ಉದ್ದವೇ. ಹ್ಯಾಕ್ಸಾ ಹಿಡಿದು ಕತ್ತರಿಸಿ, ಅರದಲ್ಲಿ ಅಂಚು ನಯಮಾಡಿ. ಹೊಸ ಬುಶ್ ಕತ್ತರಿಸಲು ಕೈ ಬರುವುದಿಲ್ಲ ಅನ್ನುವವರು 12 ಮಿ.ಮೀ. ಟೆಂಪ್ಲೇಟ್ ಮಾಡಿಕೊಳ್ಳುತ್ತಾರೆ. ಅದಕ್ಕೂ ಬೆಲೆ ಇದೆ. 16 ಮಿ.ಮೀ. ಆಳದ ಗುಳಿಗೆ 12 ಮಿ.ಮೀ. ಟೆಂಪ್ಲೇಟ್ ಸೇರಿದರೆ ಬಿಟ್ 28 ಮಿ.ಮೀ. ಚಾಚಬೇಕು. ಬಟ್ಟಲು ಬಿಟ್‌ಗಳು ಗಿಡ್ಡ. ಹಿಡಿ ಕೊಲೆಟ್‌ನಿಂದ ಹೊರಗೆಳೆದು ಉದ್ದ ಮಾಡಿಕೊಳ್ಳುವ ಆಸೆ ಹುಟ್ಟುತ್ತದೆ. ಹಾಗೆ ಮಾಡಬಾರದು. ಹಿಡಿಯ ಮುಕ್ಕಾಲು ಪಾಲಾದರೂ ಕೊಲೆಟ್ ಒಳಗೇ ಇರಬೇಕು. ಹಾಗಾಗಿ ಆಳದ ಗುಳಿಗೆ ತೆಳು ಟೆಂಪ್ಲೇಟ್, ಗಿಡ್ಡ ಕೊರಳು. ಹಿಂಜಿಗೆ ದಪ್ಪ ಟೆಂಪ್ಲೇಟ್ ಆದರೂ ನಡೆಯುತ್ತದೆ.

ಟೆಂಪ್ಲೇಟ್ ಯಾವುದರಲ್ಲಿ ಮಾಡಬೇಕು ಅಂತ ಕೇಳಿದರೆ ಬೇರೆ ಊರಿನವರು ಕಣ್ಣುಮುಚ್ಚಿ ಎಂ.ಡಿ.ಎಫ್. (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಅನ್ನುತ್ತಾರೆ. ಅಂಚು ನಯ, ಒಳಗೆ ಟೊಳ್ಳಿಲ್ಲ, ಅಗ್ಗ. ಬೇಸಿಗೆಯ ಶಿವಮೊಗ್ಗಕ್ಕೆ ಸರಿ. ಜೂನ್ ಆದಮೇಲೆ ಹೊಸನಗರ, ಆಗುಂಬೆ ಕಡೆ ಅದೇ ಎಂ.ಡಿ.ಎಫ್. ಗಾಳಿಯ ತೇವ ಹೀರಿ ಅಂಚಿನಲ್ಲಿ ಉಬ್ಬುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುತ್ತದೆ, ಗೋಡೆಯೇ ಬೆವರುವ ಕಾಲ ಅದು. ಬುಶ್ ಒರಗುವುದು ಆ ಅಂಚಿಗೇ ಅಲ್ವಾ? ಅಂಚು ಉಬ್ಬಿದರೆ ಲೆಕ್ಕವೂ ಉಬ್ಬುತ್ತದೆ. ಒಂದೇ ಸಲದ ಕೆಲಸಕ್ಕೆ ಎಂ.ಡಿ.ಎಫ್. ಇರಲಿ, ಅಂಚಿಗೆ ಎರಡು ಕೈ ವಾರ್ನಿಶ್ ಹೊಡೆಯಿರಿ. ವರ್ಷಗಟ್ಟಲೆ ಬೇಕಾದ ಟೆಂಪ್ಲೇಟ್‌ಗೆ 6 ಅಥವಾ 8 ಮಿ.ಮೀ. ಹೈಲಮ್ ಹಾಳೆಯೋ (ರಾಳ ಹಾಕಿ ಒತ್ತಿದ ಗಟ್ಟಿ ಹಾಳೆ) ಅಕ್ರಿಲಿಕ್ಕೋ ವಾಸಿ. ಪ್ಲೈವುಡ್ ಆಗಬಹುದು, ಆದರೆ ಒಳಪದರದಲ್ಲಿ ಟೊಳ್ಳಿದ್ದರೆ ಬುಶ್ ಅಲ್ಲಿ ಒಳಕ್ಕೆ ಜರುಗಿ ಪ್ರತಿ ಗುಳಿಯಲ್ಲೂ ಅದೇ ಜಾಗದಲ್ಲಿ ಉಬ್ಬು ಮೂಡುತ್ತದೆ. ಟೆಂಪ್ಲೇಟ್ ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ.

ಬುಶ್ ಕೂರಿಸಿದ ಮೇಲೆ ಅದು ನಡುಮಧ್ಯ ಇದೆಯಾ ನೋಡಬೇಕು. ಕೊಲೆಟ್‌ಗೆ ಮೊನೆಯಾಕಾರದ ಕಡ್ಡಿ ಸಿಕ್ಕಿಸಿ, ತಳದ ಸ್ಕ್ರೂ ಸಡಿಲಿಸಿ, ಆ ಮೊನೆಯನ್ನು ಬುಶ್‌ನ ತೂತಿಗೆ ಒತ್ತಿ ಹಿಡಿದು ಮತ್ತೆ ಬಿಗಿದರೆ ನಡುವೆ ಕೂರುತ್ತದೆ. ಆ ಕಡ್ಡಿ ಇಲ್ಲದಿದ್ದರೂ ಪರಿಹಾರ ಇದೆ, ಅದರ ಹಿಂದಿನ ಕಾರಣ ಸ್ವಾರಸ್ಯವಾಗಿದೆ. ಬುಶ್ ಅರ್ಧ ಮಿಲಿ ಓರೆಯಾಗಿದೆ ಅನ್ನಿ. ಗುಳಿ ಸುತ್ತುವಾಗ ರೂಟರನ್ನು ನೀವು ಕೈಯಲ್ಲಿ ತಿರುಗಿಸುತ್ತಾ ಹೋದರೆ ಆ ಅರ್ಧ ಮಿಲಿ ಒಂದು ಕಡೆ ಗೋಡೆಯತ್ತ, ಇನ್ನೊಂದು ಕಡೆ ಗೋಡೆಯಿಂದ ದೂರ ಹೋಗಿ ಆಕಾರ ಕೆಡುತ್ತದೆ. ರೂಟರನ್ನು ತಿರುಗಿಸದೆ, ವೈರ್ ಸದಾ ನಿಮ್ಮ ಎಡಗಡೆಗೇ ಇರುವಂತೆ ಹಿಡಿದು ಓಡಿಸಿದರೆ ಗುಳಿಯ ಅಳತೆ ಸರಿಯಾಗಿಯೇ ಬರುತ್ತದೆ. ಇಡೀ ಗುಳಿ ಅರ್ಧ ಮಿಲಿ ಪಕ್ಕಕ್ಕೆ ಸರಿದಿರುತ್ತದೆ, ಅಷ್ಟೇ. ಹದಿನಾಲ್ಕೂ ಒಂದೇ ಕಡೆ ಸರಿದರೆ ಯಾರಿಗೆ ತಿಳಿಯುತ್ತದೆ?

ಒಳಕೂರಿಸುವ ಕೆಲಸದ ಬಗ್ಗೆ ಒಂದು ಮಾತು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯಂಥ ಕೆಲಸಕ್ಕೆ ರೂಟರ್ ಹೋಗಲಾರದು, ಹೋಗಬೇಕಾಗಿಯೂ ಇಲ್ಲ. ಆದರೆ ಹಲಸಿನ ಹಳದಿ ಹಲಗೆಯಲ್ಲಿ ಬೀಟೆಯ ಒಂದು ಎಲೆಯನ್ನೋ ಚುಕ್ಕಿಯನ್ನೋ ಕೂರಿಸಲು ಬುಶ್‌ನ ಒಂದು ಜಾಣತನ ಇದೆ. ಒಂದೇ ಟೆಂಪ್ಲೇಟ್‌ನಲ್ಲಿ ಗುಂಡಿಯೂ ಆಗಬೇಕು, ಅದರಲ್ಲಿ ಕೂರುವ ತುಂಡೂ ಆಗಬೇಕು. ದೊಡ್ಡ ಬುಶ್‌ನಿಂದ ಗುಂಡಿ, ಚಿಕ್ಕ ಬುಶ್‌ನಿಂದ ತುಂಡು. ಎರಡು ಬುಶ್‌ಗಳ ವ್ಯತ್ಯಾಸ ಬಿಟ್‌ನ ಎರಡರಷ್ಟು ಇದ್ದರೆ ತುಂಡು ಗುಂಡಿಗೆ ಸರಿಹೊಂದುತ್ತದೆ. 3 ಮಿ.ಮೀ. ಬಿಟ್‌ಗೆ 16 ಮತ್ತು 10ರ ಜೋಡಿ. ಲೆಕ್ಕ ನೋಡಿ: 16ರಲ್ಲಿ ಬಿಟ್‌ನ ನಡು ಟೆಂಪ್ಲೇಟ್ ಅಂಚಿನಿಂದ 8 ಮಿ.ಮೀ., ಅದರ ಹೊರ ಅಲಗು 6.5 ಮಿ.ಮೀ. ದೂರ. 10ರಲ್ಲಿ ನಡು 5 ಮಿ.ಮೀ., ಒಳ ಅಲಗು 6.5 ಮಿ.ಮೀ. ದೂರ. ಗುಂಡಿಯ ಗೋಡೆಯೂ ತುಂಡಿನ ಅಂಚೂ ಒಂದೇ ಗೆರೆಯಲ್ಲಿ ಬರುತ್ತವೆ. ಅಮೆರಿಕದ ಇನ್‌ಲೇ ಕಿಟ್‌ಗಳಲ್ಲಿ ಒಂದೇ ಬುಶ್‌ಗೆ ಹಾಕಿ ತೆಗೆಯುವ ಒಂದು ಉಂಗುರ ಇರುತ್ತದೆ, ಅದರ ಗೋಡೆಯ ದಪ್ಪ ಬಿಟ್‌ನಷ್ಟೇ, ಒಂದು ನೂಲು. ಸೂತ್ರ ಅದೇ. ಒಂದೇ ಷರತ್ತು: ಟೆಂಪ್ಲೇಟ್‌ನ ಒಳಮೂಲೆಗಳೆಲ್ಲ ದೊಡ್ಡ ಬುಶ್‌ನ ಅರ್ಧದಷ್ಟಾದರೂ, ಇಲ್ಲಿ 8 ಮಿ.ಮೀ., ಗುಂಡಗಿರಬೇಕು. ಇಲ್ಲದಿದ್ದರೆ ಚಿಕ್ಕ ಬುಶ್ ಹೋದ ಮೂಲೆಗೆ ದೊಡ್ಡದು ಹೋಗುವುದಿಲ್ಲ, ತುಂಡು ಕೂರುವುದಿಲ್ಲ.

ಓಡಿಸುವಾಗ ನೆನಪಿಡಬೇಕಾದದ್ದು ಕೆಲವೇ. ತೂತಿನ ಒಳಗೆ ಗಡಿಯಾರದ ಮುಳ್ಳಿನ ದಿಕ್ಕಿಗೆ, ಆಕಾರದ ಹೊರಗೆ ಅದಕ್ಕೆ ಎದುರು ದಿಕ್ಕಿಗೆ. ಆಗ ಬಿಟ್ ಬುಶ್ಶನ್ನು ಟೆಂಪ್ಲೇಟ್‌ಗೆ ಎಳೆದು ಒರಗಿಸುತ್ತದೆ. ಉಲ್ಟಾ ಹೋದರೆ ರೂಟರ್ ಕೈಯಿಂದ ಓಡಿಹೋಗಲು ನೋಡುತ್ತದೆ. ಬಟ್ಟಲು ಬಿಟ್‌ಗಳಲ್ಲಿ ಹಲವಕ್ಕೆ ನಟ್ಟನಡುವೆ ಅಲಗು ಇರುವುದಿಲ್ಲ. ಸುಮ್ನೆ ನೇರ ಕೆಳಗೆ ಒತ್ತಿದರೆ ಸುಡುತ್ತದೆ. ಮೊದಲು ಡ್ರಿಲ್‌ನಲ್ಲಿ ಗುಳಿಯ ನಡುವೆ ಒಂದು ಅಗಲದ ತೂತು ತೆಗೆದು, ಆಮೇಲೆ ಪ್ರತಿ ಸುತ್ತಿಗೆ ಮೂರು ನಾಲ್ಕು ಮಿಲಿ ಇಳಿಸಿ. ಡವ್‌ಟೇಲ್ ಬಿಟ್‌ನಂತೆ ತುದಿಯತ್ತ ಅಗಲವಾಗಿ, ಬುಶ್‌ನ ಕೊರಳಿಗಿಂತ ತಲೆ ಅಗಲವಿರುವ ಬಿಟ್ ಹಾಕಿದ್ದರೆ, ಅದು ಪೂರ್ತಿ ನಿಲ್ಲುವ ತನಕ ರೂಟರ್ ಮೇಲೆತ್ತಬೇಡಿ. ಎತ್ತಿದರೆ ಟೆಂಪ್ಲೇಟೂ ಹೋಯಿತು, ಬುಶ್ಶೂ ಹೋಯಿತು.

ಮಳೆಗಾಲದಲ್ಲಿ ಕರೆಂಟ್ ನಡುವೆ ಕೈಕೊಟ್ಟರೆ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕೀಳಿ. ರೂಟರ್ ಗುಳಿಯಲ್ಲೇ ಇದ್ದು, ಸ್ವಿಚ್ ಹಾಕಿದಂತೆಯೇ ಇದ್ದು, ನೀವು ಬುಶ್‌ನ ಹೊಟ್ಟು ಬಿಡಿಸುತ್ತಿರುವಾಗ ಕರೆಂಟ್ ಬಂದರೆ ಬೆರಳು ಉಳಿಯುವುದಿಲ್ಲ.

ಕೊನೆಗೆ ಕೊಳ್ಳುವ ಮಾತು. ಹತ್ತು ಬುಶ್‌ಗಳ ಡಬ್ಬಿಯಲ್ಲಿ ಏಳು ಹೊರಗೇ ಬರುವುದಿಲ್ಲ. ನನ್ನನ್ನು ಕೇಳಿದರೆ ಮೂರು ಸಾಕು: 16, 24, 30. ನಿಮ್ಮ ಕಂಪನಿಯಲ್ಲಿ ಇವು ಇಲ್ಲದಿದ್ದರೆ ಹತ್ತಿರದ ಅಳತೆ. 16ಕ್ಕೆ 6 ಅಥವಾ 10ರ ಬಿಟ್, ಆಫ್‌ಸೆಟ್ 5 ಅಥವಾ 3. 24ಕ್ಕೆ 12, ಆಫ್‌ಸೆಟ್ 6. 30ಕ್ಕೆ 12 ಅಥವಾ 19, ಆಫ್‌ಸೆಟ್ 9 ಅಥವಾ ಐದೂವರೆ. ಪೂರ್ಣಾಂಕ ಬರುವ ಜೋಡಿ ಆರಿಸಿಕೊಂಡರೆ ಟೇಪಿನಲ್ಲಿ ಗುರುತು ಹಾಕುವುದು ಸುಲಭ, ತಪ್ಪು ಕಡಿಮೆ. ಕುಸುರಿ ಕೆಲಸ ಬಂದಾಗ 10ರದ್ದೊಂದು ಸೇರಿಸಿಕೊಳ್ಳಿ. ಮತ್ತೆ, ಮಾಡಿದ ಪ್ರತಿ ಟೆಂಪ್ಲೇಟ್‌ನ ಮೇಲೂ ಯಾವ ಬುಶ್, ಯಾವ ಬಿಟ್, ಎಷ್ಟು ಆಳ ಅಂತ ಮಾರ್ಕರ್‌ನಲ್ಲಿ ಬರೆದಿಡಿ. ಆರು ತಿಂಗಳು ಬಿಟ್ಟು ಅಟ್ಟದಿಂದ ಇಳಿಸಿದಾಗ 61 ಮಿ.ಮೀ. ತೂತಿನ ಹಾಳೆಯೊಂದು ಯಾವ ಗುಳಿಗೆ ಅಂತ ಹೇಳಲು ಅದೇ ಬೇಕು.